ಮೂಟೆಯಲ್ಲಿದ್ದ ಕುಟ್ಟಾಣಿ

ಸೀನಾಯ್ ಬೆಟ್ಟಗಳಿಗೆ ಮೌನ ಹುಡುಕಿಕೊಂಡು ಬರುವ ಪರದೇಶದವರು ಫುರೈಜ್‌ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಈ ಬೆಟ್ಟ ನಿನಗೆ ಏನು ಹೇಳುತ್ತೆ?" ಹರೆಯದಲ್ಲಿ ಅವನು ಇದಕ್ಕೆ ನಿಜವಾದ ಉತ್ತರವನ್ನೇ ಕೊಡುತ್ತಿದ್ದ: "ನೀರು ಮುಗೀತಾ ಬಂತು, ಬೇಗ ಇಳಿ ಅನ್ನುತ್ತೆ." ಕೇಳಿದವರ ಮುಖ ಬಾಡುತ್ತಿತ್ತು. ಬರಬರುತ್ತ ಕಲಿತುಕೊಂಡ. ಈಗ ಯಾರೇ ಕೇಳಿದರೂ ಒಂದು ಗಳಿಗೆ ಶಿಖರದ ಕಡೆ ನೋಡಿ, "ತಾಳ್ಮೆ ಅನ್ನುತ್ತೆ" ಎಂದುಬಿಡುತ್ತಾನೆ. ಅವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅಷ್ಟರಲ್ಲಿ ಅವನು ಒಂಟೆಯ ಹಗ್ಗ ಬಿಗಿದು ಮುಗಿಸಿರುತ್ತಾನೆ.

ಬಂದವರು ಸುಳ್ಳರು ಎಂದು ಮಾತ್ರ ಅವನು ಯಾವತ್ತೂ ಅಂದವನಲ್ಲ. ಅವರು ಒಬ್ಬೊಬ್ಬರೇ ಒಂದೊಂದು ಬಂಡೆಯ ಮಗ್ಗುಲಲ್ಲಿ ಬೆಳಗಿನಿಂದ ಬೈಗಿನವರೆಗೆ ಕೂರುತ್ತಾರೆ. ಕೈಗೆ ಸಿಕ್ಕ ಕಲ್ಲಿಗೆ ತಮ್ಮ ದುಃಖ ಹೇಳಿಕೊಳ್ಳುತ್ತಾರೆ. ಆನೆಯಂಥ ಗಂಡಸೊಬ್ಬ ಸತ್ತ ಮಗಳ ಹೆಸರು ಹಿಡಿದು ಕೂಗುತ್ತ ಬಾದಾಮಿ ಮರವನ್ನು ತಬ್ಬಿಕೊಂಡು ಅತ್ತಿದ್ದನ್ನು ಫುರೈಜ್ ಕಂಡಿದ್ದಾನೆ. ಆ ಅಳು ನಿಜವಾದದ್ದೇ. ಅತ್ತ ಮೇಲೆ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ, ಇಳಿಯುವಾಗ ಹೆಗಲ ಮೇಲಿನ ಹೊರೆ ಇಳಿಸಿದವನ ಹಾಗೆ ನಡೆದ. ಬೆಟ್ಟಕ್ಕೆ ಆ ಗುಣವಿದೆ ಎಂಬುದು ಫುರೈಜ್‌ಗೆ ಗೊತ್ತು. ಅವನು ಹುಟ್ಟಿದ್ದೇ ಅಲ್ಲಿ. ಆದರೆ ಜನರ ದುಃಖವನ್ನು ಹತ್ತಿಸಿ ಇಳಿಸಿ ಅವನಿಗೆ ಸಾಕಾಗಿಹೋಗಿತ್ತು. ಬಲಮೊಣಕಾಲಿನ ಚಿಪ್ಪು ಸವೆದಿತ್ತು. ಹೊಸ ಗುಂಪು ಬರುತ್ತದೆ ಎಂದರೆ ಮೈಯೆಲ್ಲ ಭಾರವಾಗುತ್ತಿತ್ತು. ನಿನಗೇನು ನೋವು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಬೆಟ್ಟದವನಿಗೆ ನೋವಿರುವುದಿಲ್ಲ ಎಂದುಕೊಂಡಿದ್ದರೋ ಏನೋ.

ನೋವು ಇತ್ತು. ಅದರ ಹೆಸರು ಮುಹೈಸಿನ್, ಅವನ ಒಡಹುಟ್ಟಿದ ಅಣ್ಣ.

ಮೇಲಿನ ಕಣಿವೆಯಲ್ಲಿ ಕಲ್ಲಿನ ಗೋಡೆ ಸುತ್ತಿದ ತೋಟವೊಂದಿದೆ. ಜರದಾಳು, ಪೇರು, ಒಂದು ಮುದಿ ಅಂಜೂರ, ಮತ್ತೆ ಬಾವಿ. ಅಜ್ಜನ ಕಾಲದಿಂದ ಬಂದದ್ದು, ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಗೋಡೆಯಾಚೆ ಅವ್ವನ ಸಮಾಧಿ. ಸಮಾಧಿ ಎಂದರೆ ತಲೆಯ ಹತ್ತಿರ ಒಂದು ಕಲ್ಲು, ಕಾಲ ಹತ್ತಿರ ಒಂದು ಕಲ್ಲು, ಸುತ್ತ ಒಂದಿಷ್ಟು ಸಣ್ಣವು. ಅರಿಯದವರಿಗೆ ಅದು ಬರೀ ಕಲ್ಲುಗುಪ್ಪೆ. ಮೂರು ಬೇಸಿಗೆಯ ಹಿಂದೆ ಫುರೈಜ್ ಅಣ್ಣನನ್ನು ಕೇಳದೆಯೇ ಒಂದು ಗುಂಪನ್ನು ಆ ತೋಟದಲ್ಲಿ ಇಳಿಸಿದ. ಮಧ್ಯಾಹ್ನ ಅವನು ಅಂಜೂರದ ನೆರಳಲ್ಲಿ ಕಣ್ಣುಮುಚ್ಚಿದ್ದಾಗ ಬಂದವರು ಪ್ರಾರ್ಥನೆಗೆಂದು ಕಲ್ಲಿನ ವೃತ್ತವೊಂದನ್ನು ಕಟ್ಟಿದರು. ಕಲ್ಲುಗಳನ್ನು ಎಲ್ಲಿಂದ ತಂದರೆಂದು ಬೇರೆ ಹೇಳಬೇಕಿಲ್ಲ. ಹಿಟ್ಟು ತರಲು ಊರಿಗೆ ಹೋಗಿದ್ದ ಮುಹೈಸಿನ್ ಬಂದು ನೋಡಿದಾಗ ಅವ್ವನ ತಲೆಗಲ್ಲಿನ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು.

ಕಲ್ಲು ಎತ್ತಿ ತಂದಿದ್ದ ಹೆಣ್ಣುಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುಹೈಸಿನ್ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ತಮ್ಮನ ಕಡೆ ತಿರುಗಿದ.

"ಅವಳಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತಲ್ಲೋ."

ಅಷ್ಟೇ. ಅಂದಿನಿಂದ ಮಾತು ನಿಂತಿತು. ಮುಹೈಸಿನ್ ಹೆಂಡತಿ ತೀರಿಕೊಂಡವನು; ಮಗಳು ಹಮ್ದಾಳನ್ನು ಊರಿನಲ್ಲೇ ಮದುವೆ ಮಾಡಿಕೊಟ್ಟಿದ್ದ. ಅವನೊಬ್ಬನೇ ತೋಟದಲ್ಲಿ ಉಳಿದುಬಿಟ್ಟ. ಹಮ್ದಾ ಆಗಾಗ ಹಿಟ್ಟು, ಸಕ್ಕರೆ ಹೊತ್ತು ಹೋಗಿ ಬರುತ್ತಿದ್ದಳು. ರಾಜಿಗೆಂದು ಫುರೈಜ್ ಹಿರಿಯರನ್ನು ಕಳಿಸಿದ, ಹೆಂಡತಿ ನುವೈಜಾಳ ಕೈಯಲ್ಲಿ ಬೆಣ್ಣೆ ಕಳಿಸಿದ. ಬೆಣ್ಣೆ ವಾಪಸು ಬಂತು, ಜೊತೆಗೆ ಒಂದು ಮಾತೂ ಬಂತು: "ನಂಗೆ ಬೇಕನ್ಸಿದ ದಿನ ನಾನೇ ಬರ್ತೀನಿ. ಯಾರ್ನೂ ಕಳಿಸೋದು ಬೇಡ." ಹಾಗಾಗಿ ಮುಹೈಸಿನ್ ಎಂದಾದರೂ ತಮ್ಮನ ಒಲೆಯ ಎದುರು ಬಂದು ನಿಂತರೆ ಜಗಳ ಮುಗಿದಂತೆ ಎಂದು ಊರಿಗೆಲ್ಲ ಗೊತ್ತಿತ್ತು. ಬಂದು ನಿಲ್ಲಬೇಕಲ್ಲ! ಮೂರು ಬೇಸಿಗೆಯಿಂದ ಫುರೈಜ್ ಕಾದದ್ದು ಅದೊಂದಕ್ಕೇ.

ಈ ವಸಂತದಲ್ಲಿ ಹಾಲೆಂಡಿನ ಮರೈಕೆ ಮತ್ತೆ ಬಂದಳು. ವರ್ಷ ವರ್ಷವೂ ಗುಂಪು ಕಟ್ಟಿಕೊಂಡು ಬರುವ ನರೆಗೂದಲಿನ ಹೆಂಗಸು. ಅಡುಗೆಮನೆ ಅರಬ್ಬಿ ಮಾತಾಡುತ್ತಾಳೆ, ಎಲ್ಲರಿಗಿಂತ ಮೊದಲೇ ಎದ್ದು ಒಲೆ ಹಚ್ಚುತ್ತಾಳೆ. ಫುರೈಜ್‌ಗೆ ಅವಳ ಮೇಲೆ ಗೌರವವಿತ್ತು. ಈ ಸಲ ಅವಳದೊಂದು ಹೊಸ ಬೇಡಿಕೆ.

"ಫುರೈಜ್, ಈ ಸಲ ನೀವೂ ಮೌನ. ನೀನು, ಸ್ವೇಲಿಮ್. ನೀವು ಇಬ್ಬರು ಮಾತು, ನಾವು ಒಳಗೆ ಹೋಗೋದು ಇಲ್ಲ. ಕೊನೆ ದಿನ ಎಲ್ಲರೂ ಗುಂಡಗೆ ಕೂತು ಮಾತು. ಅಲ್ಲಿವರೆಗೆ ಬಾಯಿ ಇಲ್ಲ."

ಸ್ವೇಲಿಮ್ ಎಂದರೆ ಫುರೈಜ್‌ನ ಚಿಕ್ಕಪ್ಪನ ಮಗ, ಗುಂಪಿನ ಅಡುಗೆಯವನು. ಬಾಯಿ ಸುಮ್ಮನಿದ್ದರೆ ಹೊಟ್ಟೆ ನೋಯುವ ಜಾತಿ.

"ಒಂಟೆಗೆ ಬೈಬಹುದಾ?" ಅಂದ.

"ಇಲ್ಲ."

"ಹಂಗಾದ್ರೆ ಅದೂ ಮೌನ ಮಾಡುತ್ತೆ. ಮಲಗಿದ್ದು ಏಳಲ್ಲ, ನೋಡ್ತಿರಿ."

ಮರೈಕೆ ನಕ್ಕಳು. "ಆ ಹಿತ್ತಾಳೆದೂ ಬೇಡ, ಸ್ವೇಲಿಮ್. ಟಣ್ ಟಣ್. ಕೂತವರು ಹೆದರುತ್ತಾರೆ."

ಕಾಫಿ ಬೀಜ ಕುಟ್ಟುವ ಹಿತ್ತಾಳೆ ಕುಟ್ಟಾಣಿಯನ್ನು ಅವಳು ಹೇಳಿದ್ದು. ಈಗ ಎಲ್ಲರ ಮನೆಯಲ್ಲೂ ಚಹಾ. ಕಾಫಿ ಬರೀ ಅತಿಥಿಗಳಿಗೆ. ಆದರೂ ಕಣಿವೆಯಲ್ಲಿ ಎಲ್ಲಾದರೂ ಕುಟ್ಟಾಣಿಯ ಸದ್ದು ಕೇಳಿದರೆ ದಾರಿಹೋಕರು ಅತ್ತ ತಿರುಗುತ್ತಾರೆ. ಬನ್ನಿ ಎಂದು ಬಾಯಲ್ಲಿ ಬೇರೆ ಹೇಳಬೇಕಿಲ್ಲ. ಸ್ವೇಲಿಮ್ ಅದನ್ನು ಕಂಬಳಿಯಲ್ಲಿ ಸುತ್ತಿ ಮೂಟೆಯೊಳಗೆ ಹಾಕಿ ಬಾಯಿ ಕಟ್ಟಿದ.

ಫುರೈಜ್ ಯೋಚಿಸಲೇ ಇಲ್ಲ. ಅಂಗೈಯನ್ನು ಮುಖಕ್ಕೆ ಮುಟ್ಟಿಸಿ, "ನನ್ನ ಮುಖದಾಣೆ. ಮಾತಾಡಲ್ಲ" ಎಂದ. ನಿಜ ಹೇಳಬೇಕೆಂದರೆ ಅವನಿಗೆ ಹಾಯೆನಿಸಿತ್ತು. ಬೆಟ್ಟ ಏನು ಹೇಳುತ್ತದೆ ಎಂದು ಈ ಸಲ ಯಾರೂ ಕೇಳುವಂತಿರಲಿಲ್ಲ. ಆದರೆ ಬೆಟ್ಟದ ಜನರಲ್ಲಿ ಮುಖದಾಣೆ ಎಂದರೆ ಆಟದ ಮಾತಲ್ಲ. ಅದನ್ನು ಮುರಿದವನ ಮಗನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಫುರೈಜ್‌ಗೂ ಸಬ್ಬಾಹ ಎಂಬ ಮಗನಿದ್ದ. ಮರೈಕೆಗೆ ಅದು ಗೊತ್ತಿರಲಿಲ್ಲ. ಅವಳ ಪಾಲಿಗೆ ಅದು ಸರಿ ಎಂದು ಒಪ್ಪಿಕೊಂಡಷ್ಟೇ.

ಡೇರೆ ಹಾಕಿದ್ದು ಅಣ್ಣನ ತೋಟಕ್ಕಿಂತ ಒಂದು ಕಣಿವೆ ಕೆಳಗೆ. ಬೇರೆ ಜಾಗಗಳಿದ್ದವು. ಇದನ್ನೇ ಯಾಕೆ ಆರಿಸಿದೆ ಎಂದು ಫುರೈಜ್ ಯಾರಿಗೂ ಹೇಳಲಿಲ್ಲ. ತನಗೆ ತಾನೂ ಹೇಳಿಕೊಳ್ಳಲಿಲ್ಲ. ಹಿಂದಿನ ದಿನ ಹಿಟ್ಟು ಹೊತ್ತು ಮೇಲೆ ಹೋಗುತ್ತಿದ್ದ ಹಮ್ದಾಳಿಗೆ ಮಾತ್ರ, "ನಾನು ಕೆಳಗೇ ಇರ್ತೀನಿ, ನಿಮ್ಮಪ್ಪಂಗೆ ಹೇಳಿದ್ರೆ ಹೇಳು, ಬಿಟ್ರೆ ಬಿಡು" ಎಂದಿದ್ದ.

ಮೌನ ಶುರುವಾಯಿತು. ಮೊದಲ ದಿನ ಚೆನ್ನಾಗಿತ್ತು. ಬೆಳಿಗ್ಗೆ ಎಲ್ಲರೂ ಚದುರಿ ತಂತಮ್ಮ ಬಂಡೆಗೆ ಹೋಗುವರು. ಫುರೈಜ್ ದೂರದಿಂದಲೇ ಒಬ್ಬೊಬ್ಬರ ನೀರಿನ ಬಾಟಲಿಯ ಮೇಲೆ ಕಣ್ಣಿಟ್ಟು ಒಂದು ಸುತ್ತು ಹಾಕಿ ಬರುವನು. ಸ್ವೇಲಿಮ್ ಒಂಟೆಗೆ ಕೈಸನ್ನೆಯಲ್ಲೇ ಅದರ ಅಪ್ಪ ಅಜ್ಜಂದಿರನ್ನೆಲ್ಲ ಬೈಯುವನು. ಎರಡನೆಯ ದಿನದಿಂದ ಫುರೈಜ್‌ಗೆ ಕಷ್ಟವಾಯಿತು. ಬಾಯಿ ಮುಚ್ಚಿದರೆ ಒಳಗಿನದು ಬಾಯಿ ಬಿಡುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ರೊಟ್ಟಿ ತಟ್ಟುವಾಗ, ಸೌದೆ ಮುರಿಯುವಾಗ, ನಮಾಜಿಗೆ ಬಾಗಿದಾಗಲೂ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿತ್ತು: ನಿಂಗೆ ಗೊತ್ತಿತ್ತಲ್ಲೋ. ಗೊತ್ತಿತ್ತು. ತೋಟದಲ್ಲಿ ಇಳಿಸಿದರೆ ಒಂಟೆಗೆ ನೀರು ಹೊರುವ ಕೆಲಸ ತಪ್ಪುತ್ತದೆ ಎಂದು ಇಳಿಸಿದ್ದ. ಆ ದಿನವೂ ದಣಿದಿದ್ದ. ಒಂದು ಬಂಡೆಯ ಹಿಂದೆ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವನೂ ಒಂದು ಕಲ್ಲನ್ನು ಕೈಗೆತ್ತಿಕೊಂಡ. ಏನು ಮಾಡಬೇಕೆಂದು ತೋಚದೆ ನಾಚಿಕೆಯಾಗಿ ಇಟ್ಟುಬಿಟ್ಟ.

ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತು. ಬೂದಿಯಲ್ಲಿ ರೊಟ್ಟಿ ಹುಗಿದು ಕೂತಿದ್ದ ಫುರೈಜ್‌ಗೆ ಎದುರಿನ ಹಳ್ಳದಾಚೆ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ತಲೆಯೆತ್ತಿದರೆ ಮುಹೈಸಿನ್ ನಿಂತಿದ್ದಾನೆ. ಒಗೆದ ಬಿಳಿ ರುಮಾಲು, ಪಕ್ಕದಲ್ಲಿ ಕತ್ತೆ.

ಹೆಂಗಸರಿರುವ ಬಿಡಾರಕ್ಕೆ ಅಲ್ಲಿ ಯಾರೂ ನೇರವಾಗಿ ನುಗ್ಗುವುದಿಲ್ಲ. ದೂರದಲ್ಲಿ ನಿಂತು ಕೆಮ್ಮುತ್ತಾರೆ. ಒಲೆಯ ಬಳಿ ಇರುವವನು "ಬಾ, ಬಾ, ಹತ್ತಿರ ಬಾ" ಎಂದು ಕೂಗಬೇಕು. ಕೂಗದೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ನಿಂತವನನ್ನು ಕರೆಯದೆ ಹಿಂದಕ್ಕೆ ಕಳಿಸಿದರೆ ಆ ಅವಮಾನವನ್ನು ಮೊಮ್ಮಕ್ಕಳೂ ಮರೆಯುವುದಿಲ್ಲ.

ಫುರೈಜ್ ಕೂಗಲು ಬಾಯಿ ತೆರೆದೇಬಿಟ್ಟ. ಅಷ್ಟರಲ್ಲಿ ಆಣೆ ನೆನಪಾಯಿತು. ಎದ್ದು ನಿಂತು ಎರಡೂ ಕೈಯನ್ನು ತಲೆಯ ಮೇಲೆತ್ತಿ ಬೀಸಿದ: ಬಾ, ಬಾ. ಮುಹೈಸಿನ್ ಅಲುಗಲಿಲ್ಲ. ಮತ್ತೊಮ್ಮೆ ಕೆಮ್ಮಿದ. ಫುರೈಜ್ ಮತ್ತೆ ಬೀಸಿದ, ತೋಳು ಬೀಸಿದ ರಭಸಕ್ಕೆ ರುಮಾಲು ಜಾರಿ ಕೆಳಗೆ ಬಿತ್ತು. ಅಣ್ಣನ ಮುಖ ನೇರವಾಗಿ ಇತ್ತಲೇ ಇತ್ತು. ಆದರೂ ಅವನು ಕಲ್ಲಿನಂತೆ ನಿಂತೇ ಇದ್ದ.

ಸ್ವೇಲಿಮ್ ಓಡಿಹೋಗಿ ಮೂಟೆಯ ಬಾಯಿ ಬಿಚ್ಚತೊಡಗಿದ. ಒಳಗಿರುವುದನ್ನು ಬೆರಳಿನಿಂದ ತೋರಿಸಿ, ಮುಷ್ಟಿಯಿಂದ ಕುಟ್ಟುವ ಸನ್ನೆ ಮಾಡಿದ. ಕುಟ್ಟಾಣಿ ಮಾತಲ್ಲವಲ್ಲ! ಫುರೈಜ್ ಅವನನ್ನು ಕಣ್ಣಲ್ಲೇ ತಡೆದ. ತಡೆದದ್ದು ಯಾಕೆ? ಕೂತವರು ಹೆದರುತ್ತಾರೆಂದು ಅಲ್ಲ. ಎರಡು ಕೈ ಎತ್ತಿ ಕರೆಯುತ್ತಿದ್ದೇನೆ, ಮೂರು ವರ್ಷ ಕಾದಿದ್ದೇನೆ, ಇನ್ನು ಇವನಿಗೆ ಡೋಲು ಬೇರೆ ಬಾರಿಸಬೇಕೇ ಎಂಬ ಬಿಂಕ ಅವನದು. ಹಳ್ಳ ದಾಟಿ ಹೋಗಬಹುದಿತ್ತು. ಮೊಣಕಾಲು ಹಿಡಿದಿತ್ತು ನಿಜ, ಆದರೆ ಹೋಗಬಹುದಿತ್ತು.

ಚಹಾ ಒಂದು ಕುದಿ ಬರುವಷ್ಟು ಹೊತ್ತು ಮುಹೈಸಿನ್ ನಿಂತಿದ್ದ. ಆಮೇಲೆ ಕತ್ತೆಯನ್ನು ತಿರುಗಿಸಿದ. ಅದನ್ನು ಮುಂದೆ ಬಿಟ್ಟು, ಬಾಲವನ್ನು ಕೈಯಲ್ಲಿ ಹಿಡಿದು, ಹಿಂದಿನಿಂದ ಏರು ಹತ್ತಿದ. ಮುದುಕನಾದ, ಏರಿಗೆ ಆಸರೆ ಬೇಕಾಯಿತು ಎಂದುಕೊಂಡ ಫುರೈಜ್. ಮರುಗಳಿಗೆಯಲ್ಲೇ ಸಿಟ್ಟು ನೆತ್ತಿಗೇರಿತು. ಕಂಡೂ ಹೋದ. ನನ್ನ ಕೈ ಎತ್ತಿಸಿ, ನನ್ನ ರುಮಾಲು ಬೀಳಿಸಿ, ಹೋದ. ಬೂದಿಯಲ್ಲಿದ್ದ ರೊಟ್ಟಿ ಸೀದು ಕರಿಯಾಯಿತು.

ಕೊನೆಯ ದಿನ ಎಲ್ಲರೂ ಗುಂಡಗೆ ಕೂತರು. ಒಂದು ಕಲ್ಲು ಕೈಯಿಂದ ಕೈಗೆ ಹೋಗುತ್ತದೆ, ಹಿಡಿದವನು ಮಾತಾಡಬೇಕು. ಒಬ್ಬಾಕೆ ಗಂಡನನ್ನು ಕ್ಷಮಿಸಿದೆ ಎಂದಳು. ಒಬ್ಬ ಕೆಲಸ ಬಿಡುತ್ತೇನೆ ಎಂದ. ಕಲ್ಲು ಫುರೈಜ್‌ನ ಕೈಗೆ ಬಂತು.

"ನಮ್ಮಣ್ಣ ಬಂದಿದ್ದ. ಮೂರು ವರ್ಷದ ಮೇಲೆ. ನಾನು ಕರೀಲಿಲ್ಲ, ಅವನು ಹೋದ," ಎಂದು ಕಲ್ಲನ್ನು ಪಕ್ಕದವರಿಗೆ ಕೊಟ್ಟುಬಿಟ್ಟ.

ಮರೈಕೆ ಬೆಚ್ಚಿದಳು. "ಅಲ್ಲಿ ನಿಂತ ಮುದುಕ? ನಿನ್ನ ಅಣ್ಣ? ಯಾಕೆ ಮಾತು ಇಲ್ಲ, ಫುರೈಜ್? ನಾನು ಇದು ಕೇಳಲಿಲ್ಲ!"

"ಕೇಳಿದ್ದು ಇದೇ ಅಲ್ವಾ ತಾಯಿ. ನಾನು ಆಣೆ ಇಟ್ಟಿದ್ದೆ."

ಅವಳ ಕಣ್ಣು ತುಂಬಿತು. "ಈಗ ಹೋಗು. ಇವರನ್ನು ಸ್ವೇಲಿಮ್ ಇಳಿಸುತ್ತಾನೆ. ಹೋಗು."

"ಕೈ ಎತ್ತಿ ಕರೆದೆ. ನೋಡಿ, ತಿರುಗಿ ಹೋದ. ನಾನ್ಯಾಕೆ ಹೋಗ್ಲಿ?"

ಅವಳು ಅಳತೊಡಗಿದಳು. ಫುರೈಜ್ ಎದ್ದು ಅವಳಿಗೊಂದು ಲೋಟ ಚಹಾ ಬಗ್ಗಿಸಿ ಕೊಟ್ಟ. ತನ್ನ ಅಳಲಿಗೂ ತಾನೇ ಬೇರೆಯವರನ್ನು ಸಮಾಧಾನ ಮಾಡಬೇಕಾಯಿತಲ್ಲ ಎಂದು ಒಳಗೊಳಗೆ ಸೋತುಹೋದ.

ಮನೆ ಮುಟ್ಟಿದಾಗ ನುವೈಜಾ ಕಾವಲಿಯ ಮೇಲೆ ತೆಳು ರೊಟ್ಟಿ ಹಾಕುತ್ತಿದ್ದಳು. ಪಕ್ಕದಲ್ಲಿ ಹಮ್ದಾ ಹಿಟ್ಟು ನಾದುತ್ತಿದ್ದಳು. ಫುರೈಜ್ ಚೀಲವನ್ನು ದೊಪ್ಪೆಂದು ಎಸೆದ.

"ನಿಮ್ಮಪ್ಪ ಬಂದಿದ್ದ ಕಣಮ್ಮ. ಬಾಯಿಬಿಡಲ್ಲ ಅಂತ ಆಣೆ ಇಟ್ಟಿದ್ದೆ, ಎರಡೂ ಕೈ ಎತ್ತಿ ಕರೆದೆ. ನೋಡ್ದ, ನಿಂತ, ಹೋದ. ದೊಡ್ಡ ಮನುಷ್ಯ!"

ಹಮ್ದಾಳ ಕೈ ಹಿಟ್ಟಿನಲ್ಲೇ ನಿಂತಿತು. "ನೋಡಿದ್ನಾ, ಚಿಕ್ಕಪ್ಪ?"

"ನೆಟ್ಟಗೆ ನನ್ನ ಕಡೆಗೇ ನೋಡ್ತಿದ್ದ."

"ಅಪ್ಪಂಗೆ ಕಣ್ಣು ಕಾಣಲ್ಲ," ಎಂದಳು ಹಮ್ದಾ. ಅಂದವಳೇ ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದಳು. "ಅಯ್ಯೋ, ಹೇಳ್ಬಾರ್ದಿತ್ತು. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡಿದ್ದ. ಚಳಿಗಾಲದಿಂದ ಹಿಂಗೇ. ಮೂಗಿನ ಹತ್ರ ಹಿಡಿದ್ರೆ ಒಂಚೂರು ಕಾಣುತ್ತೆ, ಆಚೆಗೆಲ್ಲ ಹೊಗೆ. ಕತ್ತೆ ಬಾಲ ಹಿಡ್ಕೊಂಡು ಓಡಾಡ್ತಾನೆ."

ಫುರೈಜ್ ಎಸೆದ ಚೀಲದ ಪಕ್ಕದಲ್ಲೇ ಕೂತ.

"ನೀನು ಕೆಳಗಿದೀಯ ಅಂತ ಅಪ್ಪಂಗೆ ಹೇಳ್ದೆ. ಕಣ್ಣು ಪೂರ್ತಿ ಕತ್ತಲಾಗೋದ್ರೊಳಗೆ ಅವನ ಮುಖ ಒಂದ್ಸಲ ಹತ್ರದಿಂದ ನೋಡ್ಬೇಕು ಅಂದ. ರುಮಾಲು ಒಗೆಸ್ಕೊಂಡ." ಹಮ್ದಾ ಬಿಕ್ಕತೊಡಗಿದಳು. "ನಾನು ಮಾತು ಮುರಿದುಬಿಟ್ಟೆ, ಚಿಕ್ಕಮ್ಮ."

"ಮುರಿದ್ರೆ ಮುರೀಲಿ ಬಿಡು," ಎಂದಳು ನುವೈಜಾ, ಗಂಡನ ಕಡೆ ನೋಡದೆ. "ಈ ಮನೇಲಿ ಒಬ್ರು ಮಾತು ಉಳಿಸ್ಕೊಂಡಿದ್ದೇ ಸಾಕು. ಅಲ್ರೀ, ಸಬ್ಬಾಹನ ಅಪ್ಪ, ನಿಮ್ಮತ್ರ ಕುಟ್ಟಾಣಿ ಇರ್ಲಿಲ್ವಾ?"

ಫುರೈಜ್ ಎದ್ದ. ಮುಖ ತೊಳೆಯಲಿಲ್ಲ, ಚಹಾ ಕುಡಿಯಲಿಲ್ಲ. ಈಗಷ್ಟೇ ಇಳಿದು ಬಂದ ಬೆಟ್ಟವನ್ನು ಮತ್ತೆ ಹತ್ತಲು ಹೊರಟ. ಎಷ್ಟೋ ಗುಂಪುಗಳನ್ನು ಹತ್ತಿಸಿದ ದಾರಿ ಅದು. ಅವತ್ತು ಮೊದಲ ಸಲ ತನ್ನ ಕೆಲಸಕ್ಕೆಂದು ಹತ್ತುತ್ತಿದ್ದ. ಮೊಣಕಾಲು ಹೆಜ್ಜೆಹೆಜ್ಜೆಗೂ ಜೀವ ಹಿಂಡಿತು. ದಾರಿಯಲ್ಲಿ ಎರಡು ಸಲ ಕೂತ, ಒಂದು ಸಲ ಅತ್ತ. ಬಂಡೆಗಳು ಬಂಡೆಗಳ ಹಾಗೇ ಇದ್ದವು. ಆದರೂ ಅತ್ತ ಮೇಲೆ ಉಸಿರು ಸ್ವಲ್ಪ ಹಗುರಾಯಿತು. ಬರುವವರಿಗೆಲ್ಲ ಇದೇ ಆಗುತ್ತಿದ್ದಿರಬೇಕು ಎಂದುಕೊಂಡ.

ತೋಟದ ಗೋಡೆ ಕಂಡಿತು. ಅವ್ವನ ಸಮಾಧಿಯ ಬಳಿ ಫುರೈಜ್ ಒಂದು ಕ್ಷಣ ಬಾಗಿದ. ಕಲ್ಲುಗಳೆಲ್ಲ ಅವುಗಳ ಜಾಗದಲ್ಲಿದ್ದವು. ಸವರಿ ಸವರಿ ತಲೆಗಲ್ಲಿನ ನೆತ್ತಿ ನುಣುಪಾಗಿತ್ತು. ತೋಟ ಅವನದೂ ಹೌದು, ಬಾಗಿಲು ತೆರೆದೇ ಇತ್ತು. ಅವನು ಒಳಗೆ ಹೋಗಲಿಲ್ಲ. ದೂರದಲ್ಲೇ ನಿಂತು ಕೆಮ್ಮಿದ.

ಒಳಗೆ ಬಾವಿಯ ಹಗ್ಗದ ಸದ್ದು ನಿಂತಿತು. ಅಣ್ಣ ಕೇಳಿಸಿಕೊಂಡಿದ್ದಾನೆ, ಯಾರೆಂದು ತಿಳಿದಿದ್ದಾನೆ. ಆದರೆ ಯಾರೂ ಕೂಗಲಿಲ್ಲ. ಫುರೈಜ್ ಮತ್ತೆ ಕೆಮ್ಮಿದ. ಹಗ್ಗದ ಸದ್ದು ಮತ್ತೆ ಶುರುವಾಯಿತು. ಕೊಡ ಮೇಲೆ ಬಂತು, ನೀರು ಕಾಲುವೆಗೆ ಬಿತ್ತು. ಬಿಸಿಲು ಗೋಡೆಯಿಂದ ಇಳಿದು ಅವನ ಕಾಲಬುಡಕ್ಕೆ ಬಂತು. ಕೂರಲು ಕಲ್ಲಿದ್ದರೂ ಕೂರಲಿಲ್ಲ. ಹೀಗೇ ಅಲ್ಲವೇ ಅವನೂ ನಿಂತದ್ದು, ಏನೂ ಕಾಣದೆ, ಒಗೆದ ರುಮಾಲು ಸುತ್ತಿಕೊಂಡು. ಕತ್ತಲಾದರೂ ಸರಿ, ಈ ಸಲ ತಾನು ತಿರುಗುವುದಿಲ್ಲ ಎಂದುಕೊಂಡ.

ಆಗ ಗೋಡೆಯೊಳಗಿಂದ ಸದ್ದು ಬಂತು. ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್, ಟಣ್. ಅವ್ವನ ಕುಟ್ಟಾಣಿ. ಅದರ ಅಂಚು ಒಂದು ಕಡೆ ಒಡೆದಿತ್ತು, ಹಾಗಾಗಿ ಮೂರನೆಯ ಪೆಟ್ಟು ಯಾವಾಗಲೂ ಒರಟಾಗಿ ಕೇಳುತ್ತಿತ್ತು. ಮುಹೈಸಿನ್ ಕಾಫಿ ಕುಟ್ಟುತ್ತಿದ್ದ.

ಫುರೈಜ್ ಒಳಗೆ ಹೋದ. ಅಂಜೂರದ ಬುಡದಲ್ಲಿ ಕೂತಿದ್ದ ಅಣ್ಣ ತಲೆಯೆತ್ತಲಿಲ್ಲ.

"ಬಾಯಿ ಹೊಲಿಸ್ಕೊಂಡೋರು ಹೀಗೆ ಕರೀಬೇಕು ಕಣೋ. ಸರಿ ಅಲ್ವಾ?" ಎಂದ.

"ಕೈ ಎತ್ತಿದ್ದೆ ಅಣ್ಣ. ನಿಂಗೆ ಕಾಣುತ್ತೆ ಅಂತ..."

"ಕಂಡಿದ್ರೆ ಬರ್ತಿರ್ಲಿಲ್ವೇನೋ, ಕತ್ತೆ." ಮುಹೈಸಿನ್ ಕೈ ಚಾಚಿ ತಡಕಾಡಿ ತಮ್ಮನ ಗಡ್ಡ ಹಿಡಿದುಕೊಂಡ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡು, ಹಣೆ, ಕೆನ್ನೆ, ಕಣ್ಣ ಕೆಳಗಿನ ಸುಕ್ಕು, ಒಂದೊಂದನ್ನೇ ನಿಧಾನವಾಗಿ ನೋಡಿದ.

"ಮುದುಕ ಆಗ್ಬಿಟ್ಟಿದೀಯಲ್ಲೋ," ಎಂದ ಅಣ್ಣ. ಗಡ್ಡ ಬಿಟ್ಟು, ಕುಟ್ಟಿದ ಪುಡಿಯನ್ನು ಕೆಂಡದ ಮೇಲಿನ ಪಾತ್ರೆಗೆ ಸುರಿದ; ಕುದಿ ಬಂದ ಮೇಲೆ ಪಾತ್ರೆಯನ್ನು ತಡವಿ ಎತ್ತಿಕೊಂಡ. ಪಾತ್ರೆಯ ಮೂತಿ ಗಾಳಿಯಲ್ಲಿ ಅತ್ತಿತ್ತ ಆಡಿತು. "ಬಟ್ಟಲು ಎಲ್ಲಿದೆಯೋ? ಕೈಯಲ್ಲಿ ತೋರಿಸ್ಬೇಡ. ಬಾಯಿಬಿಟ್ಟು ಹೇಳು."

"ಇಲ್ಲಿ, ಅಣ್ಣ," ಎಂದ ಫುರೈಜ್. "ಇಲ್ಲಿದೆ."